ನನ್ನದನ್ನು ಬದಲಿಸಿಕೊಟ್ಟಿರಿ, ನಡುವಿನ ಹದಿಮೂರು ಎಲ್ಲಿವೆ?

ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದ ಮುಖ್ಯ ಆಯುಕ್ತರಿಗೆ, ಜೊತೆಗೆ ಸ್ಕೂಬಾ ಡೈವಿಂಗ್ ಸಲಕರಣೆಗಳನ್ನು ತಯಾರಿಸುವ, ತರಿಸುವ, ಮಾರುವ ಎಲ್ಲರಿಗೂ ಒಂದು ಬಹಿರಂಗ ಪತ್ರ

ಮಾನ್ಯರೇ,

ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ವಾಲ್ವ್ ತಯಾರಿಸುವ ಒಂದು ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿ ಹತ್ತೊಂಬತ್ತು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಕೆಲಸ ಸರಳ. ಬೇರೆಯವರು ಮಾಡಿ ತಂದ ವಾಲ್ವನ್ನು ಬೆಂಚಿಗೆ ಬಿಗಿದು, ನೀರು ತುಂಬಿ, ಅದು ತಾಳಬೇಕಾದ ಒತ್ತಡದ ಒಂದೂವರೆ ಪಟ್ಟು ಏರಿಸಿ, ಎಲ್ಲಿ ಬೆವರುತ್ತದೆ ಎಂದು ನೋಡುತ್ತ ನಿಲ್ಲುವುದು. ಬೆವರಿದರೆ ಕೆಂಪು ಬಣ್ಣ ಬಳಿಯುವುದು, ಬೆವರದಿದ್ದರೆ ಸಹಿ ಹಾಕುವುದು. ಸಂಬಳ ತೆಗೆದುಕೊಂಡು ಅನುಮಾನ ಪಡುವವನು ನಾನು. ಈ ಪತ್ರದಲ್ಲೂ ಆ ಚಾಳಿ ಕಂಡರೆ ಮನ್ನಿಸಬೇಕು. ತಕರಾರು ಇಷ್ಟು: ನೀರಿನಡಿ ಉಸಿರಾಡಲು ಕೊಂಡ ಸಾಧನ ಕೆಟ್ಟಾಗ ನನಗೆ ಹೊಸದು ಕಳಿಸಿದರು, ಅದೇ ಸರಣಿಯ ಉಳಿದವುಗಳ ಬಗ್ಗೆ ಬಾಯಿ ಬಿಡಲಿಲ್ಲ.

ಇನ್ನೊಂದು ಹುಚ್ಚು ಐದಾರು ವರ್ಷದ್ದು, ಸ್ಕೂಬಾ ಡೈವಿಂಗ್, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಹೊತ್ತು ನೀರಿನಡಿ ಇಳಿಯುವುದು. ಸಮುದ್ರವೇ ಇಲ್ಲದ ಊರಿನವನಿಗೆ ಇದೇಕೆ ಎಂದು ನೀವು ಕೇಳಬಹುದು. ನಮ್ಮ ಅತ್ತೆಯವರು ಬಂದಾಗಲೆಲ್ಲ ಕೇಳುತ್ತಾರೆ. ಗದಗ ಜಿಲ್ಲೆಯ ಅಜ್ಜಿಯ ಊರಿನ ಬಾವಿಯಲ್ಲಿ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವನು ನಾನು. ನೀರಿನ ಕೆಳಗೆ ಏನಿದೆ ಎಂಬ ಕುತೂಹಲ ಆ ಬಾವಿಯಿಂದಲೇ ಹತ್ತಿಕೊಂಡದ್ದು. ಈಗ ಚಳಿಗಾಲ ಬಂತೆಂದರೆ ತಿಂಗಳಿಗೊಂದು ಶನಿವಾರ ಶಿಫ್ಟ್ ಮುಗಿಸಿ, ಕಲಘಟಗಿ, ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು, ಇನ್ನೂರು ಕಿಲೋಮೀಟರಿಗೂ ಮೀರಿದ ದಾರಿ ಸವೆಸಿ ಮುರ್ಡೇಶ್ವರ ಸೇರುತ್ತೇನೆ. ಅಲ್ಲಿಂದ ದೋಣಿಯಲ್ಲಿ ಸುಮಾರು 19 ಕಿಲೋಮೀಟರ್ ಹೋದರೆ ನೇತ್ರಾಣಿ ದ್ವೀಪ. ಹದಿನೆಂಟು ಮೀಟರ್ ಆಳದವರೆಗೆ ಇಳಿಯಲು ನನ್ನ ಬಳಿ ಪ್ರಮಾಣಪತ್ರವಿದೆ.

ಅಲ್ಲಿ ನಮ್ಮ ಉಸಿರನ್ನು ಹಿಡಿದಿರುವುದು ರೆಗ್ಯುಲೇಟರ್ ಎಂಬ ಸಾಧನ. ಅಡುಗೆಮನೆಯ ಗ್ಯಾಸ್ ಸಿಲಿಂಡರಿನ ತಲೆಯ ಮೇಲೆ ಕೂರುವ ರೆಗ್ಯುಲೇಟರಿನ ದೂರದ ನೆಂಟ ಎಂದುಕೊಳ್ಳಿ. ಬೆನ್ನ ಮೇಲಿನ ಸಿಲಿಂಡರಿನಲ್ಲಿ ಸುಮಾರು 200 ಬಾರ್ ಒತ್ತಡದ ಗಾಳಿ ಇರುತ್ತದೆ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲ ಗಾಳಿಯ ಒತ್ತಡ). ಸಿಲಿಂಡರಿಗೆ ಕಚ್ಚಿಕೊಂಡಿರುವ ಮೊದಲ ಹಂತ ಅದನ್ನು, ಸುತ್ತಲ ನೀರಿನ ಒತ್ತಡಕ್ಕಿಂತ ಒಂಬತ್ತು ಹತ್ತು ಬಾರ್ ಹೆಚ್ಚು ಎಂಬಷ್ಟಕ್ಕೆ ಇಳಿಸುತ್ತದೆ. ಬಾಯಲ್ಲಿ ಕಚ್ಚಿಕೊಂಡ ಎರಡನೆಯ ಹಂತ, ನಾವು ಎಳೆದಾಗ ಮಾತ್ರ, ಎಳೆದಷ್ಟು ಗಾಳಿ ಕೊಡುತ್ತದೆ. ಸಾವಿರಾರು ರೂಪಾಯಿ ಬೆಲೆ, ಹೊಳೆಯುವ ಕ್ರೋಮ್, ವಿದೇಶಿ ಹೆಸರು ಎಲ್ಲ ಸರಿ. ನನ್ನ ಕಣ್ಣಿಗೆ ಅವು ಒಂದರ ಹಿಂದೊಂದು ಕೂತ ಎರಡು ವಾಲ್ವ್‌ಗಳು, ಅಷ್ಟೇ. ವಾಲ್ವ್ ಎಂದ ಮೇಲೆ ಅದಕ್ಕೊಂದು ಸೀಟು, ಅಂದರೆ ಮುಚ್ಚಿದಾಗ ದಾರಿಗೆ ಒತ್ತಿ ಕೂರುವ ಮೆತ್ತೆ, ಇರುತ್ತದೆ. ಸೀಟು ಕೆಟ್ಟರೆ ಮುಚ್ಚಿದಾಗಲೂ ಒಳಗಿಂದ ದಾಟುತ್ತದೆ. ನಮ್ಮ ಶೆಡ್ಡಿನಲ್ಲಿ ಇದಕ್ಕೆ ‘ಪಾಸಿಂಗ್’ ಎನ್ನುತ್ತೇವೆ.

ಬಾಡಿಗೆಯ ಸಲಕರಣೆ ಬೇಸರವಾಗಿ, ಎರಡು ವರ್ಷದ ಹಿಂದೆ 38,000 ರೂಪಾಯಿ ಕೊಟ್ಟು ನನ್ನದೇ ರೆಗ್ಯುಲೇಟರ್ ತರಿಸಿಕೊಂಡೆ. ಕಂಪನಿ ವಿದೇಶದ್ದು, ತರಿಸಿ ಮಾರುವವರು ಹೊರರಾಜ್ಯದವರು. ಹೆಸರು ಇಲ್ಲಿ ಬರೆಯುವುದಿಲ್ಲ, ನಿಮಗೆ ಕಳಿಸಿರುವ ದೂರಿನಲ್ಲಿದೆ. ಸರಣಿ ಸಂಖ್ಯೆಯ ಕೊನೆಯ ಮೂರು ಅಂಕಿ 417. ಇದನ್ನು ನೆನಪಿಡಿ.

ಹೋದ ಫೆಬ್ರುವರಿಯ ಒಂದು ಭಾನುವಾರ. ಹದಿನಾಲ್ಕು ಮೀಟರ್ ಆಳದಲ್ಲಿ ಒಂದು ಬಂಡೆಯ ಸಂದಿಯಲ್ಲಿ ಇಣುಕುತ್ತಿದ್ದೆ. ಕಿವಿಯ ಹತ್ತಿರ ಸುಯ್ಯೆಂಬ ಸಣ್ಣ ಸದ್ದು. ಮೊದಲಿಗೆ ಬೇರೆ ಯಾರದೋ ಗುಳ್ಳೆ ಎಂದುಕೊಂಡೆ. ಸದ್ದು ನಿಲ್ಲಲಿಲ್ಲ, ಬೆಳೆಯಿತು. ನಾನು ಉಸಿರು ಎಳೆಯದೇ ಇದ್ದಾಗಲೂ ಬಾಯಿತುಂಡಿನಿಂದ ಗಾಳಿ ಬುಸುಗುಟ್ಟತೊಡಗಿ ಮುಖದ ಮುಂದೆ ಗುಳ್ಳೆಗಳ ಪರದೆಯೇ ಎದ್ದಿತು. ಮಾಪಕದ ಮುಳ್ಳು 140ರಲ್ಲಿದ್ದದ್ದು ನೋಡನೋಡುತ್ತ ಜಾರುತ್ತಿತ್ತು. ರೆಗ್ಯುಲೇಟರ್ ಕೆಟ್ಟರೆ ಗಾಳಿ ಮುಚ್ಚಿಕೊಳ್ಳದೆ ತೆರೆದುಕೊಳ್ಳಬೇಕು ಎಂದೇ ಅದನ್ನು ವಿನ್ಯಾಸ ಮಾಡಿರುತ್ತಾರೆ. ಆ ವಿನ್ಯಾಸ ಮಾಡಿದವನಿಗೆ ಕೈ ಮುಗಿಯುತ್ತೇನೆ. ಆದರೆ ಹಾಗೆ ತೆರೆದುಕೊಂಡ ನಳ ಸಿಲಿಂಡರನ್ನು ಕೆಲವೇ ನಿಮಿಷಗಳಲ್ಲಿ ಬರಿದು ಮಾಡುತ್ತದೆ. ನನ್ನ ಬಳಿ ಇದ್ದ ಎರಡನೆಯ ಬಾಯಿತುಂಡೂ ಅದೇ ಮೊದಲ ಹಂತಕ್ಕೆ ಅಂಟಿಕೊಂಡದ್ದು, ಆದ್ದರಿಂದ ಅದೂ ಕೆಲಸಕ್ಕೆ ಬಾರದು. ಜೊತೆಗಿದ್ದ ತರಬೇತುದಾರ ಹುಡುಗ ತನ್ನ ಹೆಚ್ಚುವರಿ ಬಾಯಿತುಂಡನ್ನು ನನ್ನ ಕೈಗಿಟ್ಟ. ತೋಳು ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು, ‘ನಿಧಾನ’ ಎಂದು ಅಂಗೈಯಿಂದ ಸನ್ನೆ ಮಾಡುತ್ತ ಮೇಲೆ ತಂದ. ಹದಿನಾಲ್ಕು ಮೀಟರಿನಲ್ಲಿ ಎದೆಯೊಳಗಿರುವ ಗಾಳಿ ಮೇಲೆ ಬರುವಷ್ಟರಲ್ಲಿ ಸುಮಾರು 2.4 ಪಟ್ಟು ಹಿಗ್ಗುತ್ತದೆ. ಗಾಬರಿಯಲ್ಲಿ ಉಸಿರು ಬಿಗಿಹಿಡಿದು ಮೇಲಕ್ಕೆ ಚಿಮ್ಮಿದವನ ಶ್ವಾಸಕೋಶ ಹರಿದುಹೋಗಬಹುದು. ನಾನು ಚಿಮ್ಮಲಿಲ್ಲ, ಆ ಹುಡುಗ ಬಿಡಲಿಲ್ಲ. ದೋಣಿ ಹತ್ತುವಾಗ ನನ್ನ ಮುಳ್ಳು 30ರಲ್ಲಿತ್ತು.

ದೋಣಿಯ ಮೇಲೆ ಅವನ ಸಲಕರಣೆ ನೋಡಿದೆ. ಅದೇ ಮಾದರಿ! ನನಗೆ ಉಸಿರು ಕೊಟ್ಟ ರೆಗ್ಯುಲೇಟರ್ ಕೂಡ ನನ್ನದರ ಒಡಹುಟ್ಟೇ. ಕೊನೆಯ ಅಂಕಿಗಳು 431.

‘ಸರ್, ಇದೂ ಒಮ್ಮೊಮ್ಮೆ ಸುಯ್ ಎನ್ನುತ್ತದೆ. ಮಾರಿದವರನ್ನು ಕೇಳಿದೆ. ನೀವು ಸರಿಯಾಗಿ ತೊಳೆಯುತ್ತಿಲ್ಲ ಎಂದರು’ ಎಂದ. ದಿನಕ್ಕೆ ಎರಡು ಸಲ ಸಿಹಿನೀರಿನಲ್ಲಿ ಸಲಕರಣೆ ತೊಳೆಯುವುದೇ ಅವನ ಹೊಟ್ಟೆಪಾಡು.

ಹುಬ್ಬಳ್ಳಿಗೆ ಬಂದವನು ಸೋಮವಾರ ಊಟದ ವಿರಾಮದಲ್ಲಿ ರೆಗ್ಯುಲೇಟರನ್ನು ಬೆಂಚಿಗೆ ತಂದೆ. ಗಾಳಿ ಪರೀಕ್ಷೆಗೆ ನಮ್ಮಲ್ಲಿ ನೈಟ್ರೋಜನ್ ಸಿಲಿಂಡರ್ ಇರುತ್ತದೆ. ಜೋಡಿಸುವ ತುಂಡನ್ನು ಲೇಥಿನಲ್ಲಿ ನಾನೇ ತಿರುಗಿಸಿಕೊಂಡೆ. (ಓದಿದವರು ಯಾರೂ ಮನೆಯಲ್ಲಿ ಇದನ್ನು ಮಾಡಬೇಡಿ.) ಮೊದಲ ಹಂತದ ಆಚೆ ಒಂದು ಮಾಪಕ ಕೂರಿಸಿ ಗಾಳಿ ಬಿಟ್ಟೆ. ಆರೋಗ್ಯವಂತ ರೆಗ್ಯುಲೇಟರಿನಲ್ಲಿ ಮುಳ್ಳು ಒಂಬತ್ತೂವರೆಯ ಹತ್ತಿರ ಹಾರಿ, ಟಕ್ ಎಂದು ನಿಂತು, ನಿಂತಲ್ಲೇ ಇರಬೇಕು. ನನ್ನದರಲ್ಲೂ ನಿಂತಿತು. ಆಮೇಲೆ ಗಡಿಯಾರದ ನಿಮಿಷದ ಮುಳ್ಳಿನ ಹಾಗೆ, ನೋಡಿದರೆ ಅಲುಗದಂತೆ, ಮುಖ ತಿರುಗಿಸಿ ನೋಡಿದರೆ ಸರಿದಿರುವಂತೆ ಏರತೊಡಗಿತು. ಹತ್ತು, ಹತ್ತೂವರೆ, ಹನ್ನೊಂದು. ಚಹಾ ತರಲು ಹೋದ ಹುಡುಗ ವಾಪಸು ಬರುವಷ್ಟರಲ್ಲಿ ಹನ್ನೆರಡು ದಾಟಿ, ಬಾಯಿತುಂಡು ಸುಯ್ಯೆಂದಿತು. ಅಚ್ಚ ಪಾಸಿಂಗ್!

ಬಿಚ್ಚಿದೆ. ಬಿಚ್ಚಬಾರದಿತ್ತು, ಅದನ್ನು ಮುಂದೆ ಹೇಳುತ್ತೇನೆ. ಒಳಗೆ ಕಡಲೆಬೇಳೆಯಷ್ಟು ಅಗಲದ ಪ್ಲಾಸ್ಟಿಕ್ ಸೀಟು. ಅದರ ಎದುರಿಗೆ ಲೋಹದ ತೂತಿನ ಹರಿತವಾದ ಅಂಚು. ಅಂಚು ಒತ್ತಿ ಒತ್ತಿ ಸೀಟಿನ ಮೇಲೆ ಉಂಗುರದ ಗುರುತು ಮೂಡುವುದು ಸಹಜ, ಮೂಡಲೇಬೇಕು. ಆದರೆ ಆ ಉಂಗುರ ಒಂದು ಬದಿಯಲ್ಲಿ ಮಾತ್ರ, ಉಗುರಿನಿಂದ ಗೀರಿದ ಹಾಗೆ, ಆಳಕ್ಕೆ ಕತ್ತರಿಸಿತ್ತು. ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ಲೋಹದ ಅಂಚು ನೋಡಿದೆ. ಅದೇ ಜಾಗದಲ್ಲಿ ಕೂದಲೆಳೆಯಷ್ಟು ಸಿಬಿರು ಎದ್ದು ನಿಂತಿತ್ತು. ನಮ್ಮ ಲೇಥಿನವರು ಇದನ್ನು ‘ಬರ್’ ಎನ್ನುತ್ತಾರೆ. ತೂತು ಕೊರೆದ ಮೇಲೆ ಅಂಚನ್ನು ಸಾಪಾಗಿಸುವ ಅರ್ಧ ನಿಮಿಷದ ಕೆಲಸ ಬಿಟ್ಟರೆ ಉಳಿಯುವಂಥದ್ದು. ಉಪ್ಪಿನಿಂದ ಆಗುವುದಲ್ಲ, ತೊಳೆಯದೆ ಆಗುವುದಲ್ಲ, ಹುಟ್ಟುವಾಗಲೇ ಬಂದದ್ದು. ಫೋಟೋ ತೆಗೆದು, ಇದ್ದದ್ದನ್ನು ಇದ್ದ ಹಾಗೆ ಜೋಡಿಸಿದೆ.

ಮಾರಿದವರಿಗೆ ಬರೆದೆ, ಫೋಟೋ ಇಟ್ಟು. ಹನ್ನೊಂದು ದಿನದ ಮೇಲೆ ಉತ್ತರ ಬಂತು. ಬಳಸಿದ ನಂತರ ಸಿಹಿನೀರಿನಲ್ಲಿ ನೆನೆಸಬೇಕು, ವರ್ಷಕ್ಕೊಮ್ಮೆ ಸರ್ವಿಸ್ ಮಾಡಿಸಬೇಕು ಎಂಬ ಪಾಠ. ಸರ್ವಿಸ್ ರಸೀದಿ ಕಳಿಸಿದೆ. ಹಾಗಾದರೆ ನೀವು ಬಿಚ್ಚಿದ್ದೀರಿ, ವಾರಂಟಿ ರದ್ದು ಎಂದರು. ಇದು ನ್ಯಾಯವಾದ ಮಾತೇ, ನನ್ನ ತಪ್ಪೇ. ಆದರೆ ಬಿಚ್ಚುವ ಮೊದಲೇ, ಹದಿನಾಲ್ಕು ಮೀಟರ್ ಕೆಳಗೆ ಅದು ಬುಸುಗುಟ್ಟಿದ್ದು ಬಿಚ್ಚಿದ್ದರಿಂದಲ್ಲವಲ್ಲ? ನೇರವಾಗಿ ಕಂಪನಿಗೇ ಬರೆದೆ. ಅಂಚಿನ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆದ ಇನ್ನೊಂದು ಫೋಟೋ ಕಳಿಸಿ, 431 ಕೂಡ ಸುಯ್ ಎನ್ನುತ್ತದೆ, ಈ ಸರಣಿಯ ಉಳಿದವನ್ನು ಪರೀಕ್ಷಿಸಿದ್ದೀರಾ ಎಂದು ಕೇಳಿದೆ. ಅಲ್ಲಿಂದ ದನಿ ಬದಲಾಯಿತು. ಅತಿ ವಿನಯ. ರೆಗ್ಯುಲೇಟರನ್ನು ವಾಪಸು ತರಿಸಿಕೊಂಡರು. ಮೂರು ವಾರದಲ್ಲಿ ಹೊಸ ಪೆಟ್ಟಿಗೆ ಮನೆಗೆ ಬಂತು.

ಪೆಟ್ಟಿಗೆಯ ಮೇಲೆ ಒಂದು ಕಾಗದ. ಅದರ ಸಾರ ಇಷ್ಟು: ಇದು ದೋಷವನ್ನು ಒಪ್ಪಿಕೊಂಡದ್ದಲ್ಲ, ಕೇವಲ ಸೌಜನ್ಯಕ್ಕಾಗಿ. ಈ ವಿಷಯವನ್ನು ನೀವು ಬೇರೆಯವರಿಗೆ ಹೇಳತಕ್ಕದ್ದಲ್ಲ. ಬದಲಿ ವಸ್ತುವನ್ನು ಬಳಸಲು ಆರಂಭಿಸಿದರೆ ಈ ಷರತ್ತುಗಳಿಗೆ ಒಪ್ಪಿದಂತೆ. ನಾನು ಕೇಳಿದ ಪ್ರಶ್ನೆಗೆ, ಅಂದರೆ ಉಳಿದವುಗಳ ಗತಿ ಏನು ಎಂಬುದಕ್ಕೆ, ಒಂದು ಸಾಲೂ ಇಲ್ಲ.

ನನ್ನ ಹೆಂಡತಿ ಓದಿ, ‘ನಿಮ್ಮ ಬಾಯಿಗೆ ಬೀಗ ಹಾಕಲು ನಿಮ್ಮ ಬಾಯಿಗೆ ಇಡುವ ವಸ್ತುವನ್ನೇ ಕಳಿಸಿದ್ದಾರಲ್ಲ’ ಎಂದಳು. ಪೆಟ್ಟಿಗೆಯನ್ನು ಒಡೆಯದೆ ಕಪಾಟಿನ ಮೇಲೆ ಇಟ್ಟೆ.

ಮಾನ್ಯರೇ, ನಾನು ದೂರುತ್ತಿರುವುದು ಸಿಬಿರಿನ ಬಗ್ಗೆ ಅಲ್ಲ. ಸಿಬಿರು ಯಾರ ಕಾರ್ಖಾನೆಯಲ್ಲೂ ಉಳಿಯುತ್ತದೆ, ನಮ್ಮಲ್ಲೂ ಉಳಿಯುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ವಾಲ್ವಿನ ಮೈ ಪರೀಕ್ಷೆಯಲ್ಲಿ ಬೆವರಿತು. ಎರಕದಲ್ಲಿ ಗಾಳಿ ಸಿಕ್ಕಿಕೊಂಡು ಸೂಜಿಮೊನೆಯಷ್ಟು ಸಣ್ಣ ರಂಧ್ರಗಳಾಗಿದ್ದವು. ನಾನು ಕೆಂಪು ಬಳಿದು ಪಕ್ಕಕ್ಕಿಟ್ಟು ಮುಂದಿನದನ್ನು ಎತ್ತಿಕೊಂಡೆ. ನಮ್ಮ ಮೇಸ್ತ್ರಿ ನೋಡುತ್ತಿದ್ದವರು ಬಂದು, ಹೀಟ್ ನಂಬರ್ ಎಷ್ಟು ಎಂದು ಕೇಳಿದರು. ಪ್ರತಿ ಎರಕದ ಮೈಮೇಲೆ ಅದು ಯಾವ ಕುಲುಮೆಯ ಯಾವ ಸುರಿವಿನದು ಎಂಬ ಸಂಖ್ಯೆ ಉಬ್ಬಿ ನಿಂತಿರುತ್ತದೆ. ಅದನ್ನು ಹಿಡಿದು ಗೋದಾಮಿನ ಕಡತ ತೆಗೆಸಿದರು. ಆ ಸುರಿವಿನ ಎಲ್ಲ ಮೈಗಳನ್ನೂ ಹೊರಗೆ ಎಳೆಸಿದರು. ಕೆಲವು ಪರೀಕ್ಷೆ ಪಾಸಾಗಿ, ಬಣ್ಣ ಬಳಿದು, ಗಿರಾಕಿಗೆ ಹೋಗಿಬಿಟ್ಟಿದ್ದವು. ಯಜಮಾನರ ಕೋಣೆಗೆ ಹೋಗಿ, ಆ ಗಿರಾಕಿಗೆ ಫೋನ್ ಮಾಡಿಸಿದರು. ಯಜಮಾನರು, ಅವು ನಮ್ಮ ಬೆಂಚಿನಲ್ಲಿ ಬೆವರಿಲ್ಲವಲ್ಲ, ಗಿರಾಕಿಯೂ ಏನೂ ಹೇಳಿಲ್ಲವಲ್ಲ ಎಂದು ಗೊಣಗಿದ್ದು ನನಗೆ ಕೇಳಿಸಿತು. ಮೇಸ್ತ್ರಿ, ‘ಬೆವರಿದ್ದು ಒಂದೇ, ನಿಜ. ಆದರೆ ಉಕ್ಕು ಒಂದೇ ಕುಲುಮೆಯದು’ ಎಂದರು. ಅವರಿಗೆ ಓದು ಬರುತ್ತಿದ್ದದ್ದು ಏಳನೆಯ ಇಯತ್ತೆಯವರೆಗೆ.

417ಕ್ಕೂ 431ಕ್ಕೂ ನಡುವೆ ಹದಿಮೂರು ರೆಗ್ಯುಲೇಟರುಗಳಿವೆ. ಆಚೆ ಈಚೆ ಎಷ್ಟಿವೆಯೋ. ಅದೇ ಲೇಥು, ಅದೇ ಹರಿತ ಕಳೆದುಕೊಂಡ ಕೊರೆಕಡ್ಡಿ, ಅದೇ ಅರ್ಧ ನಿಮಿಷ. ಅವು ಯಾರ ಬಾಯಲ್ಲಿವೆ ಎಂದು ಮಾರಿದವರ ಪುಸ್ತಕದಲ್ಲಿ ಬರೆದಿರುತ್ತದೆ. ಪಟ್ಟು ಹಿಡಿದು ದೂರಿದವನಿಗೆ ಹೊಸದು, ಒಮ್ಮೆ ಕೇಳಿ ಸುಮ್ಮನಾದವನಿಗೆ ಪಾಠ, ಕೇಳದವನಿಗೆ ಮೌನ. ಈ ಪದ್ಧತಿಯ ಬಗ್ಗೆ ನನ್ನ ತಕರಾರು.

ಇದು ಹೇಗೆ ನಡೆದುಹೋಗುತ್ತದೆ ಎಂಬುದನ್ನೂ ಹೇಳಬೇಕು. ರೆಗ್ಯುಲೇಟರನ್ನು ಅಧಿಕೃತ ಸರ್ವಿಸ್‌ನವರು ಮಾತ್ರ ಬಿಚ್ಚಬೇಕು, ಬಿಡಿಭಾಗಗಳನ್ನು ಗಿರಾಕಿಗೆ ಮಾರುವುದಿಲ್ಲ. ಉಸಿರಿನ ವಿಷಯವಾದ್ದರಿಂದ ಇದು ಒಪ್ಪಬಹುದಾದ ನಿಯಮ. ಸರ್ವಿಸ್‌ಗೆ ಕೊಟ್ಟಾಗ ಸೀಟನ್ನೂ ರಬ್ಬರ್ ಉಂಗುರಗಳನ್ನೂ ಹೇಗಿದ್ದರೂ ಬದಲಿಸುತ್ತಾರೆ. ಕತ್ತರಿಸಿದ ಸೀಟು ಕಸದ ಡಬ್ಬಿಗೆ ಹೋಗುತ್ತದೆ, ಹೊಸ ಸೀಟಿನ ಬೆಲೆ ಗಿರಾಕಿಯ ಬಿಲ್ಲಿಗೆ ಬರುತ್ತದೆ. ಹೊಸ ಸೀಟು ಕೆಲವು ತಿಂಗಳು ಸುಮ್ಮನಿರುತ್ತದೆ, ಸಿಬಿರು ಮತ್ತೆ ಅದನ್ನು ಕೊರೆಯುತ್ತದೆ, ಅಷ್ಟರಲ್ಲಿ ಮುಂದಿನ ಸರ್ವಿಸ್ ಬಂದಿರುತ್ತದೆ. ಹೀಗೆ ಕಾರ್ಖಾನೆಯ ದೋಷ ವರ್ಷಕ್ಕೊಂದು ಬಿಲ್ಲಿನೊಳಗೆ ಕರಗಿಹೋಗುತ್ತದೆ, ಅದೂ ನಮ್ಮ ಖರ್ಚಿನಲ್ಲಿ. ದೋಷ ಎಲ್ಲಿದೆ ಎಂದು ಜಗತ್ತಿನಲ್ಲಿ ಮೊದಲು ಗೊತ್ತಾಗಬೇಕಾದದ್ದು ಸರ್ವಿಸ್ ಮೇಜಿನ ಪಕ್ಕದ ಆ ಕಸದ ಡಬ್ಬಿಗೆ. ಅದರೊಳಗೆ ಇಣುಕುವ ಪದ್ಧತಿ ಕಂಪನಿಗೆ ಇದೆಯೇ? ಒಂದೇ ಬದಿ ಕತ್ತರಿಸಿದ ಸೀಟುಗಳು ಎಷ್ಟು ಬಂದವು ಎಂದು ಎಣಿಸುವವರು ಇದ್ದಾರೆಯೇ? ಹಳೆಯ ಬಿಡಿಭಾಗವನ್ನು ಪುಟ್ಟ ಚೀಲದಲ್ಲಿ ಹಾಕಿ ಗಿರಾಕಿಗೆ ಮರಳಿಸಿದರೆ ಖರ್ಚೇನೂ ಇಲ್ಲ. ನಮ್ಮ ಗಲ್ಲಿಯ ಬೈಕ್ ರಿಪೇರಿಯವನೂ ಬದಲಿಸಿದ ಬ್ರೇಕ್ ಶೂವನ್ನು ಕಣ್ಣೆದುರು ಇಟ್ಟು ತೋರಿಸುತ್ತಾನೆ.

ಇನ್ನು ಡೈವಿಂಗ್ ಕೇಂದ್ರಗಳವರು ಬಾಯಿ ಬಿಡುವುದಿಲ್ಲ. ಅವರಿಗೆ ಸಲಕರಣೆ ಕೊಡುವವರು, ಸರ್ವಿಸ್ ಮಾಡುವವರು, ಸಾಲದ ಮೇಲೆ ಸರಕು ಬಿಡುವವರು ಒಬ್ಬರೇ. ಆ ತರಬೇತುದಾರ ಹುಡುಗ ತನ್ನ ಹೆಸರು ಎಲ್ಲೂ ಬರಬಾರದು ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಾನೆ.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಹುಳುಕನ್ನೂ ಹೇಳಬೇಕು. ಸುಯ್ ಎಂದದ್ದೆಲ್ಲ ದೋಷವಲ್ಲ. ಉಪ್ಪು ಹರಳುಗಟ್ಟಿ ಸೋರುವುದು ನಿಜ, ಮರಳಿನ ಕಣ ಸಿಕ್ಕಿಕೊಳ್ಳುವುದು ನಿಜ. ಭಾನುವಾರ ಸಂಜೆ ಒದ್ದೆ ಸಲಕರಣೆಯನ್ನು ಕಾರಿನ ಡಿಕ್ಕಿಗೆ ತುರುಕಿ, ಹೊನ್ನಾವರದಲ್ಲಿ ಮೀನೂಟಕ್ಕೆ ನಿಂತು, ಘಟ್ಟ ಹತ್ತಿ ಮನೆಗೆ ಬರುವಾಗ ನಡುರಾತ್ರಿ. ನಮ್ಮ ಬಡಾವಣೆಗೆ ನಳದ ನೀರು ಬರುವುದು ನಾಲ್ಕೈದು ದಿನಕ್ಕೊಮ್ಮೆ. ತುಂಬಿಟ್ಟ ಡ್ರಮ್ಮಿನ ನೀರನ್ನು ರಬ್ಬರ್ ಕೊಳವೆ ನೆನೆಸಲು ಸುರಿದರೆ ಮನೆಯಲ್ಲಿ ಏನಾಗುತ್ತದೆ ಎಂದು ಹುಬ್ಬಳ್ಳಿ-ಧಾರವಾಡದವರಿಗೆ ಬಿಡಿಸಿ ಹೇಳಬೇಕಿಲ್ಲ. ಒಂದೇ ಬಕೆಟ್ಟಿನಲ್ಲಿ ನಾನು ಎಲ್ಲವನ್ನೂ ಅದ್ದಿ ತೆಗೆದದ್ದೂ ಉಂಟು. ಆದ್ದರಿಂದ ಮಾರಿದವರು ಮೊದಲ ಪತ್ರಕ್ಕೆ ‘ತೊಳೆದಿರಾ’ ಎಂದು ಕೇಳಿದ್ದನ್ನು ನಾನು ತಪ್ಪೆನ್ನುವುದಿಲ್ಲ. ಸರ್ವಿಸ್ ರಸೀದಿ ನೋಡಿದ ಮೇಲೂ ದೋಷ ಎಲ್ಲಿದೆ ಎಂದು ಕೇಳದೇ ಇದ್ದದ್ದು ತಪ್ಪು.

ಹೊರದೇಶದಲ್ಲಿ ಇದೇ ವ್ಯಾಪಾರದವರು ಎರಡೂ ಬಗೆಯಲ್ಲಿ ನಡೆದುಕೊಂಡಿದ್ದಾರೆ. 1990ರ ದಶಕದ ನಡುವೆ ಮಾರಾಟವಾದ ಊವಾಟೆಕ್ ಕಂಪನಿಯ ಅಲಾಡಿನ್ ಏರ್ ಎಕ್ಸ್ ನೈಟ್ರಾಕ್ಸ್ ಎಂಬ ಡೈವ್ ಕಂಪ್ಯೂಟರ್ ಒಂದಿತ್ತು. ನೀರಿನೊಳಗೆ ಮೈಗೆ ಎಷ್ಟು ನೈಟ್ರೋಜನ್ ಸೇರಿತು, ಮೇಲೆ ಬಂದ ಮೇಲೆ ಎಷ್ಟು ಹೊರಹೋಯಿತು ಎಂದು ಲೆಕ್ಕ ಹಾಕುವ ಕೈಗಡಿಯಾರದಂಥ ಸಾಧನ. ನೈಟ್ರಾಕ್ಸ್ ಎಂದರೆ ಆಮ್ಲಜನಕ ಹೆಚ್ಚು, ನೈಟ್ರೋಜನ್ ಕಡಿಮೆ ಇರುವ ಗಾಳಿ. ಡೈವರ್ ಮೇಲೆ ಬಂದು ದೋಣಿಯಲ್ಲಿ ಕೂತು ಸಾಮಾನ್ಯ ಗಾಳಿ ಉಸಿರಾಡುತ್ತಿದ್ದರೂ ಆ ಕಂಪ್ಯೂಟರ್ ಅವನಿನ್ನೂ ನೈಟ್ರಾಕ್ಸ್ ಉಸಿರಾಡುತ್ತಿದ್ದಾನೆ ಎಂದೇ ಲೆಕ್ಕ ಹಾಕುತ್ತಿತ್ತು. ಹಾಗಾಗಿ ಮೈಯಲ್ಲಿ ಉಳಿದ ನೈಟ್ರೋಜನ್ನನ್ನು ಇರುವುದಕ್ಕಿಂತ ಕಡಿಮೆ ತೋರಿಸುತ್ತಿತ್ತು. ಅದನ್ನು ನಂಬಿ ಮತ್ತೆ ಇಳಿದವನು ಸಂಧಿಗಳಲ್ಲಿ, ನರಗಳಲ್ಲಿ ಗುಳ್ಳೆ ಕಟ್ಟಿಕೊಂಡು ಮೇಲೆ ಬರುವ ಅಪಾಯವಿತ್ತು. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಮೂಲಕ ಅದನ್ನು ವಾಪಸು ಕರೆದದ್ದು 2003ರಲ್ಲಿ. ನಡುವಿನ ಅಷ್ಟೂ ವರ್ಷ ಅದು ಜನರ ಕೈಯಲ್ಲಿತ್ತು.

ಇನ್ನೊಂದು, ಹಳೆಯ ಅಲ್ಯೂಮಿನಿಯಂ ಸಿಲಿಂಡರುಗಳದ್ದು. 6351 ಎಂಬ ಮಿಶ್ರಲೋಹದಲ್ಲಿ ಮಾಡಿದವುಗಳ ಕತ್ತಿನಲ್ಲಿ, ವರ್ಷಗಟ್ಟಲೆ ಒತ್ತಡ ಹೊತ್ತು ಬಿರುಕು ಬಿಡುವ ಗುಣ ಕಂಡುಬಂತು. ಕೆಲವು ಸಿಡಿದವು. ಆದರೆ ಇಲ್ಲಿ ವಿಷಯ ಬಯಲಿಗೆ ಬಂತು. ತಯಾರಕರು ಲೋಹ ಬದಲಿಸಿದರು. ಯಾವ ವರ್ಷಕ್ಕಿಂತ ಹಿಂದಿನವು, ಎಲ್ಲಿ ನೋಡಬೇಕು, ಹೇಗೆ ನೋಡಬೇಕು ಎಂಬುದು ಸಿಲಿಂಡರ್ ತುಂಬುವ ಸಾಮಾನ್ಯ ಕೆಲಸಗಾರನಿಗೂ ಗೊತ್ತಾಯಿತು. ಇಂದಿಗೂ ಹಳೆಯ ಸಿಲಿಂಡರ್ ಕಂಡರೆ ಮೊದಲು ಕತ್ತಿನೊಳಗೆ ಟಾರ್ಚ್ ಬಿಡುತ್ತಾರೆ. ಲೋಹದ ದೋಷ ಸಿಬಿರಿಗಿಂತ ದೊಡ್ಡದು. ಹೇಳಿಬಿಟ್ಟಿದ್ದರಿಂದ ಅದನ್ನು ಸಂಭಾಳಿಸಲು ಆಯಿತು.

ಅಮೆರಿಕದಲ್ಲಿ, ತನ್ನ ವಸ್ತುವಿನ ದೋಷದಿಂದ ಗಣನೀಯ ಅಪಾಯವಾಗಬಹುದು ಎಂಬ ಮಾಹಿತಿ ಕೈಸೇರಿದ 24 ಗಂಟೆಯೊಳಗೆ ಕಂಪನಿ ಆಯೋಗಕ್ಕೆ ತಿಳಿಸಬೇಕು. 2011ರಿಂದ ಅಲ್ಲಿ ಗ್ರಾಹಕರು ಬರೆದ ಸುರಕ್ಷತಾ ದೂರುಗಳನ್ನು ಯಾರು ಬೇಕಾದರೂ ತೆರೆದು ಓದಬಹುದು. ಯುರೋಪಿನಲ್ಲಿ ಉಸಿರಾಟದ ಸಲಕರಣೆ ಅತಿ ಹೆಚ್ಚು ಅಪಾಯದ ಮೂರನೆಯ ವರ್ಗಕ್ಕೆ ಸೇರುತ್ತದೆ. ನನ್ನ ರೆಗ್ಯುಲೇಟರಿನ ಮೈಮೇಲೂ, ಯುರೋಪಿನ ಸುರಕ್ಷತಾ ನಿಯಮ ಪಾಲಿಸಿದೆ ಎನ್ನುವ ಸಿಇ ಗುರುತಿದೆ, ಪಕ್ಕದಲ್ಲಿ ಅದನ್ನು ಪರೀಕ್ಷಿಸಿದ ಸಂಸ್ಥೆಯ ನಾಲ್ಕಂಕಿಯ ಸಂಖ್ಯೆಯಿದೆ. ಅದೇ ಪೆಟ್ಟಿಗೆ ಹಡಗು ಹತ್ತಿ ಇಲ್ಲಿ ಇಳಿದಾಗ ಗುರುತು ಮಾತ್ರ ಜೊತೆಗೆ ಬರುತ್ತದೆ, ಹೊಣೆ ಬಂದರಿನಲ್ಲೇ ಉಳಿಯುತ್ತದೆ.

ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ. ಗ್ರಾಹಕರ ರಕ್ಷಣಾ ಕಾಯ್ದೆ, 2019 ನನಗೆ ಸಾಕಷ್ಟು ಗಟ್ಟಿಯಾಗಿಯೇ ಕಾಣುತ್ತದೆ. ತಯಾರಿಕೆಯ ದೋಷಕ್ಕೆ, ಸರಿಯಾದ ಎಚ್ಚರಿಕೆ ಕೊಡದಿದ್ದಕ್ಕೆ ತಯಾರಕನೇ ಹೊಣೆ ಎಂದು ಸೆಕ್ಷನ್ 84 ಹೇಳುತ್ತದೆ. ತಯಾರಕ ನಮ್ಮ ಕಾನೂನಿನ ಕೈಗೆ ಸಿಗದ ವಿದೇಶಿಯಾದರೆ ಮಾರಿದವನೇ ಹೊಣೆ ಎಂದು 86 ಹೇಳುತ್ತದೆ. ಮಾರಿದವನು ಎಂಬ ಮಾತಿನಲ್ಲಿ ಆಮದು ಮಾಡಿದವನೂ ಸೇರುತ್ತಾನೆ. ಧಾರವಾಡದ ಜಿಲ್ಲಾ ಗ್ರಾಹಕ ಆಯೋಗದಲ್ಲಿಯೇ, ನಾನಿರುವ ಜಿಲ್ಲೆಯಲ್ಲೇ, ದಾವೆ ಹೂಡಬಹುದು. ಐದು ಲಕ್ಷದವರೆಗಿನದಕ್ಕೆ ಶುಲ್ಕವೂ ಇಲ್ಲ. ಆದರೆ ಅಲ್ಲಿ ಗೆದ್ದರೆ ನನಗೆ ನನ್ನ 38,000 ಬರುತ್ತದೆ, ಖರ್ಚುವೆಚ್ಚ ಬರುತ್ತದೆ. 418ರಿಂದ 430ರವರೆಗಿನವರಿಗೆ ಒಂದು ಪೋಸ್ಟ್‌ಕಾರ್ಡೂ ಹೋಗುವುದಿಲ್ಲ. ಅದನ್ನು ಮಾಡಿಸುವ ಅಧಿಕಾರ ಇರುವುದು ನಿಮಗೆ. ಅಪಾಯಕಾರಿ ವಸ್ತುವನ್ನು ವಾಪಸು ಕರೆಸುವುದು ಸೆಕ್ಷನ್ 20ರಲ್ಲಿ, ಸಾರ್ವಜನಿಕರಿಗೆ ಸುರಕ್ಷತಾ ಎಚ್ಚರಿಕೆ ಹೊರಡಿಸುವುದು ಸೆಕ್ಷನ್ 18ರಲ್ಲಿ ಇದೆ.

ನೀವು ಇದನ್ನು ಮಾಡಿಯೂ ತೋರಿಸಿದ್ದೀರಿ. 2021ರ ಡಿಸೆಂಬರ್‌ನಲ್ಲಿ ಹೆಲ್ಮೆಟ್, ಪ್ರೆಷರ್ ಕುಕ್ಕರ್, ಗ್ಯಾಸ್ ಸಿಲಿಂಡರ್‌ಗಳ ಬಗ್ಗೆ ಎಚ್ಚರಿಕೆ ಹೊರಡಿಸಿದಿರಿ. 2022ರ ಆಗಸ್ಟ್‌ನಲ್ಲಿ ಒಂದು ದೊಡ್ಡ ಆನ್‌ಲೈನ್ ಮಾರಾಟ ತಾಣಕ್ಕೆ, ಗುಣಮಟ್ಟದ ನಿಯಮ ಪಾಲಿಸದ 2,265 ಪ್ರೆಷರ್ ಕುಕ್ಕರ್ ಕೊಂಡವರಿಗೆಲ್ಲ ತಿಳಿಸಿ, ಕುಕ್ಕರ್ ವಾಪಸು ಪಡೆದು, ಹಣ ಮರಳಿಸಿ, ಒಂದು ಲಕ್ಷ ರೂಪಾಯಿ ದಂಡ ಕಟ್ಟಿ ಎಂದು ಆದೇಶಿಸಿದಿರಿ. ನನಗೆ ಆ ಆದೇಶದಲ್ಲಿ ಇಷ್ಟವಾದದ್ದು ದಂಡ ಅಲ್ಲ, ‘ಕೊಂಡವರಿಗೆಲ್ಲ ತಿಳಿಸಿ’ ಎಂಬ ಮಾತು. ದೂರಿದವರಿಗೆ ಅಲ್ಲ, ಕೊಂಡವರಿಗೆಲ್ಲ. ಕುಕ್ಕರಿನ ಸೇಫ್ಟಿ ವಾಲ್ವಿಗೆ ಒದಗಿಸಿದ ಈ ನ್ಯಾಯವನ್ನು ಬಾಯಲ್ಲಿ ಕಚ್ಚುವ ವಾಲ್ವಿಗೂ ವಿಸ್ತರಿಸಿ ಎಂದು ಕೇಳುತ್ತಿದ್ದೇನೆ. ಕಾರು, ಬೈಕುಗಳಿಗೆ ಮೋಟಾರು ವಾಹನ ಕಾಯ್ದೆಯಲ್ಲಿ ವಾಪಸು ಕರೆಸುವ ನಿಯಮವೇ ಬಂದಿದೆ. ಡೈವರುಗಳು ಲಕ್ಷಗಟ್ಟಲೆ ಇಲ್ಲ, ಗೊತ್ತು. ಕಡಿಮೆ ಇರುವುದರಿಂದಲೇ ಎಲ್ಲರ ವಿಳಾಸವೂ ಮಾರಿದವರ ಬಳಿ ಇರುತ್ತದೆ. ಒಂದು ಮಧ್ಯಾಹ್ನದ ಫೋನ್ ಕೆಲಸ.

ಮೊದಲು ಆ ಸರಣಿಯ ರೆಗ್ಯುಲೇಟರುಗಳ ಬಗ್ಗೆ ವಿಚಾರಣೆ ನಡೆಸಿ. ಆಮೇಲೆ, ಉಸಿರಾಟದ ಸಲಕರಣೆ ತರಿಸುವವರು ಯಾವ ಸಂಖ್ಯೆಯದನ್ನು ಯಾರಿಗೆ ಮಾರಿದರು ಎಂಬ ವಹಿ ಇಡುವುದನ್ನೂ, ವಿದೇಶದಲ್ಲಿ ಅದೇ ಮಾದರಿಯನ್ನು ವಾಪಸು ಕರೆದರೆ ಇಲ್ಲಿ ಕೊಂಡವರಿಗೂ ಅದೇ ವಾರ ತಿಳಿಸುವುದನ್ನೂ ಕಡ್ಡಾಯ ಮಾಡಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ಬದಲಿ ವಸ್ತುವಿನ ಜೊತೆ ಬರುವ ಆ ‘ಯಾರಿಗೂ ಹೇಳತಕ್ಕದ್ದಲ್ಲ’ ಎಂಬ ಕಾಗದವನ್ನು ಅನುಚಿತ ವ್ಯಾಪಾರ ಪದ್ಧತಿ ಎಂದು ಪರಿಗಣಿಸಿ. ಒಬ್ಬನ ಪ್ರಾಣಕ್ಕೆ ಸಂಬಂಧಿಸಿದ ಮಾಹಿತಿಯನ್ನು ಇನ್ನೊಬ್ಬನ ಸೌಜನ್ಯದ ಬೆಲೆಗೆ ಕೊಂಡುಕೊಳ್ಳುವ ವ್ಯವಹಾರ ಅದು.

ತಯಾರಿಸುವವರಿಗೂ ಒಂದು ಮಾತು. ನೀವು ಹೇಳಿಕೊಂಡರೆ ಹೆಸರು ಕೆಡುತ್ತದೆ ಎಂದು ಹೆದರುತ್ತೀರಿ. ನಮ್ಮ ಯಜಮಾನರೂ ಹೆದರಿದ್ದರು. ಅಂದು ಫೋನ್ ಮಾಡಿಸಿಕೊಂಡ ಗಿರಾಕಿ ಬೈದದ್ದು ನಿಜ, ಸಾಗಣೆ ಖರ್ಚು ನಮ್ಮ ತಲೆಗೆ ಕಟ್ಟಿದ್ದೂ ನಿಜ. ಇವತ್ತಿಗೂ ಅವರ ಆರ್ಡರ್ ನಮ್ಮ ಬೆಂಚಿನ ಮೇಲಿದೆ. ಬೆಳಿಗ್ಗೆ ಅವರದೇ ನಾಲ್ಕು ಇಂಚಿನ ಎಂಟು ವಾಲ್ವ್‌ಗಳಿಗೆ ಸಹಿ ಹಾಕಿ ಬಂದು ಈ ಪತ್ರ ಬರೆಯುತ್ತಿದ್ದೇನೆ.

ಡೈವಿಂಗ್ ಮಾಡುವ ಉತ್ತರ ಕರ್ನಾಟಕದ ಗೆಳೆಯರಿಗೆ ಇಷ್ಟೇ ಹೇಳುವುದು. ರೆಗ್ಯುಲೇಟರನ್ನು ಸಿಲಿಂಡರಿಗೆ ಜೋಡಿಸಿ ಗಾಳಿ ತೆರೆದ ಮೇಲೆ ತಕ್ಷಣ ಬೆನ್ನಿಗೇರಿಸಬೇಡಿ. ಹತ್ತು ನಿಮಿಷ ಹಾಗೆಯೇ ಬಿಟ್ಟು, ದೋಣಿಯ ಎಂಜಿನ್ ನಿಂತಾಗ ಕಿವಿಗೊಡಿ. ಸುಯ್ ಎಂದರೆ ಅಂದು ಇಳಿಯಬೇಡಿ. ಸರ್ವಿಸ್‌ಗೆ ಕೊಟ್ಟಾಗ ಹಳೆಯ ಸೀಟನ್ನು ಕೇಳಿ ಪಡೆಯಿರಿ. ಗುರುತು ಒಂದೇ ಬದಿ ಆಳವಾಗಿದ್ದರೆ ಫೋಟೋ ತೆಗೆದು, ಸಂಖ್ಯೆ ಬರೆದು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ನನ್ನ ಹಾಗೆ ನೀವೇ ಬಿಚ್ಚಬೇಡಿ.

ಈ ಪತ್ರ ಪ್ರಕಟವಾದರೆ ಆ ಕಾಗದದ ಷರತ್ತು ಮುರಿದಂತೆ, ಕಪಾಟಿನ ಮೇಲಿನ ಪೆಟ್ಟಿಗೆ ನನ್ನದಲ್ಲ. ಹಾಗಾಗಿ ನಿನ್ನೆ ಸಂಜೆ ಶಿಫ್ಟ್ ಮುಗಿದ ಮೇಲೆ ಅದನ್ನು ಒಡೆಯದೆಯೇ ಮಾರಿದವರ ವಿಳಾಸಕ್ಕೆ ಕೊರಿಯರ್ ಮಾಡಿದ್ದೇನೆ. ಕಾಗದವನ್ನೂ ಸಹಿಯಿಲ್ಲದೆ ಜೊತೆಗಿಟ್ಟಿದ್ದೇನೆ. 140 ರೂಪಾಯಿ ಆಯಿತು. ರಸೀದಿಯ ಪ್ರತಿ, ಅಂಚಿನ ಫೋಟೋಗಳು, ಎಲ್ಲ ಪತ್ರವ್ಯವಹಾರ ನಿಮಗೆ ಕಳಿಸಿದ ದೂರಿನಲ್ಲಿವೆ. ಮಳೆ ಮುಗಿದು ಅಕ್ಟೋಬರ್‌ನಲ್ಲಿ ನೇತ್ರಾಣಿಗೆ ದೋಣಿಗಳು ಮತ್ತೆ ಹೊರಡುತ್ತವೆ. 431 ಆ ಹುಡುಗನ ಬಳಿಯೇ ಇದೆ. ಬೇರೆ ಕೊಳ್ಳಲು ಅವನ ಬಳಿ ಹಣವಿಲ್ಲ.

ಇಂತಿ,
ವಾಲ್ವ್ ಪರೀಕ್ಷಕ,
ಗೋಕುಲ ರಸ್ತೆ, ಹುಬ್ಬಳ್ಳಿ